ಮೂರನೆಯ ಬೆರಳು

10 ಜೂನ್, ಸೋಮವಾರ

ಮಕ್ಕಳಿಗೆ ಬಾಯಿ ಮುಚ್ಚಿ ಎಂದು ಹೇಳಿಯೇ ಇಷ್ಟು ವರ್ಷ ಸಂಬಳ ತೆಗೆದುಕೊಂಡವಳು ನಾನು. ಇಂದಿನಿಂದ ಮನೆಯಲ್ಲಿ ಗಂಡನಿಗೆ ಬಾಯಿ ತೆರೆಯಿರಿ ಎಂದು ಹೇಳುವ ನೌಕರಿ ಸಿಕ್ಕಿದೆ. ಇಂಥ ವಿಷಯವನ್ನು ನಾಲ್ಕು ಜನರಿಗೆ ಹೇಳಿ ನಗೋಣವೆಂದರೆ, ಸಿದ್ದಾಪುರ ಪೇಟೆಯ ಒಂದು ನರಪಿಳ್ಳೆಗೂ ಗೊತ್ತಾಗಬಾರದೆಂದು ಇವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆ ಹಾಕಿದ್ದು ಬಾಯಿಗೆ, ಕೈಗಲ್ಲ. ಹಾಗಾಗಿ ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದೇನೆ.

ಹೋದ ವಾರ ಶಿರಸಿಯಲ್ಲಿ ಬಾಯಿ ತಪಾಸಣೆಯ ಶಿಬಿರವಿತ್ತು. ಇವರು ಅಲ್ಲಿಗೆ ಹೋದದ್ದು ಮೈಕ್ ಹಾಕಲಿಕ್ಕೆ. ಅನಂತಮೂರ್ತಿ ಹೆಗಡೆ ಎಂದರೆ ಪಕ್ಕದ ಬೀದಿಯವರೂ ಯಾರದು ಎಂದು ಕೇಳಿಯಾರು. ಮೈಕ್ ಹೆಗಡೇರು ಎಂದರೆ ದಾಸನಕೊಪ್ಪದಿಂದ ಯಲ್ಲಾಪುರದವರೆಗೆ ಎಲ್ಲರಿಗೂ ಗೊತ್ತು. "ಬನ್ನಿ, ಬಾಯಿ ತೋರಿಸಿ, ಸಂಕೋಚ ಬೇಡ" ಎಂದು ಬೆಳಗಿನಿಂದ ಕೂಗಿದವರು, ಮಧ್ಯಾಹ್ನ ಎಲೆ-ಅಡಿಕೆಯ ಕವಳ ತುಂಬಿದ ಬಾಯಲ್ಲೇ ಡಾಕ್ಟರ ಮೇಜಿನ ಕೆಳಗೆ ವೈರು ಸರಿಮಾಡಲು ನುಗ್ಗಿದ್ದಾರೆ. ಸಂಶೋಧನೆಗೆಂದು ಹುಬ್ಬಳ್ಳಿಯಿಂದ ಬಂದ ಡಾಕ್ಟರ್ ಹುಡುಗಿ ಶಿಲ್ಪಾ ಬಗ್ಗಿ ನೋಡಿ, "ಊರ ಮಂದೀನೆಲ್ಲ ಕರದ್ರಿ ಸರ್ರ, ನಿಮ್ಮ ಬಾಯಿ ಯಾವಾಗ ತೋರಸ್ತೀರಿ?" ಎಂದಳಂತೆ.

ತೋರಿಸಿದರು. ಬಾಯಿ ಅರ್ಧಕ್ಕೇ ನಿಂತಿತು. ಕೆನ್ನೆಯ ಒಳಮೈ ಗಟ್ಟಿಯಾಗಿ ಬಿಗಿದುಕೊಂಡಿದೆ, ಎಡಗಡೆ ಒಂದು ಬಿಳಿ ಮಚ್ಚೆಯೂ ಇದೆ.

ಇಂದು ಆ ಹುಡುಗಿ ಮನೆಗೇ ಬಂದಿದ್ದಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹೀಗೆ ಬಾಯಿ ಬಿಗಿದವರನ್ನು ಹುಡುಕಿ, ಕವಳ ಬಿಡಿಸಿ, ದಿನಾ ಬಾಯಿಯ ವ್ಯಾಯಾಮ ಮಾಡಿಸಿದರೆ ಎಷ್ಟು ಗುಣವಾಗುತ್ತದೆ ಎಂದು ನೋಡುವುದು ಅವಳ ಸಂಶೋಧನೆ. ಇವರ ಮಚ್ಚೆಯಿಂದ ಮಾತ್ರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ. ಕ್ಯಾನ್ಸರ್ ಇದ್ದರೂ ಇರಬಹುದು, ಇಲ್ಲದಿದ್ದರೆ ಹೀಗೇ ಬಿಟ್ಟರೆ ಮುಂದೆ ಆಗಬಹುದು ಎಂದಳು. ಇವರು ಫ್ಯಾನ್ ನೋಡುತ್ತ ಕುಳಿತರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಯಾರನ್ನಾದರೂ ಬೈಯಬೇಕು, ಹತ್ತಿರ ಇದ್ದವರು ಇವರೇ.

"ಎಲೆ, ಸುಣ್ಣ, ಅಡಕೆ, ಅದರ ಮೇಲೆ ಹೊಗೆಸೊಪ್ಪು! ಒಂದು ದಿನವಾದ್ರೂ ಯನ್ನ ಮಾತು ಕಿವಿಗೆ ಹೋತಾ?" ಎಂದೆ.

"ಕಿವಿಗೆ ಹೋತು. ಬಾಯಿಗೆ ಬಂಜಿಲ್ಲೆ," ಎಂದರು. ಇಂಥ ಹೊತ್ತಿನಲ್ಲೂ ಇವರಿಗೆ ಉತ್ತರಕ್ಕೆ ಬರವಿಲ್ಲ.

"ಮನ್ಯಾಗ ಮತ್ಯಾರರ ಎಲಿ-ಅಡಕಿ ಹಾಕ್ತೀರೇನ್ರಿ?" ಎಂದು ಶಿಲ್ಪಾ ಕೇಳಿದಳು. ಇಲ್ಲ, ನಮ್ಮ ಮನೆಯಲ್ಲಿ ಕವಳ ಇವರೊಬ್ಬರದೇ ಎಂದು ತಲೆ ಎತ್ತಿ ಹೇಳಿದೆ.

14 ಜೂನ್, ಶುಕ್ರವಾರ

ಈ ವರ್ಷ ಒಂದನೇ ತರಗತಿಗೆ ಬಂದ ಮಕ್ಕಳು ಮಹಾ ಸೋಮಾರಿಗಳು. ಕೋಲಸಿರ್ಸಿ ಶಾಲೆಯಲ್ಲಿ ನಾನು ಎಂತೆಂಥವರಿಗೆ ಅಕ್ಷರ ಕಲಿಸಿಲ್ಲ? ಇವಕ್ಕೆ 'ಅ' ಬರುತ್ತದೆ, 'ಆ' ಎನ್ನುವಾಗ ಬಾಯಿ ಅರ್ಧ ತೆರೆದು ನಿಲ್ಲಿಸಿಬಿಡುತ್ತವೆ. "ಬಾಯಿ ದೊಡ್ಡ ಮಾಡಿ. ನನ್ನ ನೋಡಿ, ನಾನು ಹೇಳಿದ ಹಾಗೆ ಹೇಳಿ" ಎಂದು ಎಷ್ಟು ಸಲ ಹೇಳಿದರೂ ನನ್ನನ್ನೇ ನೋಡುತ್ತ ಅರ್ಧ ಬಾಯಲ್ಲೇ ಹೇಳುತ್ತವೆ. ಮೊಬೈಲ್ ನೋಡಿಕೊಂಡು ಬೆಳೆದ ಮಕ್ಕಳು, ಬಾಯಿಗೆ ಕೆಲಸವೇ ಇಲ್ಲ.

ಅಡುಗೆಯ ಮಂಜಿಯ ಜೊತೆ ಜಗಳವಾಯಿತು. ಬಿಸಿಯೂಟದ ಸಾರಿಗೆ ಮೆಣಸು ಸುರಿಯುತ್ತಾಳೆ. ಒಂದು ತುತ್ತು ಉಂಡರೆ ಬಾಯಿಯೆಲ್ಲ ಉರಿ.

"ಎಂತ ಟೀಚರೇ ನೀವು! ಮಕ್ಳು ಎರಡೆರಡು ಸಲ ಹಾಕಿಸ್ಕಂಡು ಉಣ್ತಾವೆ, ನಿಮಗೊಬ್ರಿಗೇ ಖಾರ ಹತ್ತೂದು!" ಎಂದಳು.

ಕಲಿತದ್ದು ಕಡಿಮೆಯಾದರೂ ಬಾಯಿ ಜೋರು. ಮಜ್ಜಿಗೆ ಅನ್ನ ಉಂಡು, ಡಬ್ಬಿಯಿಂದ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ ಮೇಲೆ ಸಮಾಧಾನವಾಯಿತು.

16 ಜೂನ್, ಭಾನುವಾರ

ವ್ಯಾಯಾಮದ ಸಾಮಾನು ಬಂದಿದೆ. ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ. ಹಲ್ಲಿನ ನಡುವೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಬಾಯಿಯನ್ನು ಹಿಗ್ಗಿಸಿಟ್ಟುಕೊಳ್ಳುವುದು, ಅಭ್ಯಾಸವಾದಂತೆ ಇನ್ನೊಂದು ಕಡ್ಡಿ ತೂರಿಸುವುದು. ಇವರು ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಕಡ್ಡಿ ಕೊಟ್ಟಿದ್ದು, ಐಸ್‌ಕ್ರೀಮ್ ಎಲ್ಲಿ ಹೋತು?" ಎಂದರು. ಕಡ್ಡಿ ಬಾಯಲ್ಲಿದ್ದಷ್ಟು ಹೊತ್ತು ಮಾತಿಲ್ಲ. ಮದುವೆಯಾದಾಗಲೇ ಈ ಚಿಕಿತ್ಸೆ ಇದ್ದಿದ್ದರೆ ನನ್ನ ಅರ್ಧ ತಲೆನೋವು ತಪ್ಪುತ್ತಿತ್ತು.

ಇನ್ನೊಂದಿದೆ. ಬೆಳಿಗ್ಗೆ ಎದ್ದು ಮೂರು ಬೆರಳು ಕೂಡಿಸಿ, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ನಿಲ್ಲಿಸಿ ನೋಡಬೇಕು. ಸರಿಯಿದ್ದ ಬಾಯಿಗೆ ಮೂರೂ ಹೋಗುತ್ತವೆ. ಎಷ್ಟು ಹೋಯಿತೆಂದು ಶಿಲ್ಪಾಳಿಗೆ ಫೋನ್ ಮಾಡಬೇಕು. ಇವರದು ಎರಡೇ.

20 ಜೂನ್, ಗುರುವಾರ

ಇಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕರೆದರು. "ಇಲ್ಲಿ ಬಾ ನೋಡನ. ನಿನ್ನ ಬೆರಳು ಕೊಡು."

"ಎಂತಕ್ಕೆ?"

"ಡಾಕ್ಟರ್ ಮೂರು ಬೆರಳು ಹೇಳಿದ್ದು. ಯಾರ ಬೆರಳು ಹೇಳಿ ಹೇಳಿದ್ದಿಲ್ಲೆ."

ಕಂಬ ಹತ್ತಿ ವೈರು ಎಳೆದ ಕೈ ಇವರದು, ಒಂದೊಂದು ಬೆರಳೂ ಬಾಳೆಕಾಯಿ. ನನ್ನದು ಸೀಮೆಸುಣ್ಣ ಹಿಡಿದು ಸವೆದ ಬೆರಳು. ಮೂರೂ ಸಲೀಸಾಗಿ ಹೋದವು. ಇವರು ಕೂಡಲೇ ಫೋನ್ ಎತ್ತಿ, "ಡಾಕ್ಟ್ರೇ, ಮೂರು ಬೆರಳು ಹೋಗ್ತಾ ಇದೆ" ಎಂದು ಗಂಭೀರವಾಗಿ ವರದಿ ಒಪ್ಪಿಸಿದರು. ಬೈಯಬೇಕಿತ್ತು. ನಗು ತಡೆಯಲಾಗದೆ ಒಳಗೆ ಓಡಿಹೋದೆ. ಹೀಗಾಗಿ ಈ ಮೋಸದಲ್ಲಿ ನನಗೂ ಪಾಲಿದೆ.

28 ಜೂನ್, ಶುಕ್ರವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಮಚ್ಚೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು. ಒಂದು ಹೊಲಿಗೆ. ಬರುವಾಗ ಬಸ್ಸಿನಲ್ಲಿ ಇವರು ಒಂದು ಮಾತೂ ಆಡಲಿಲ್ಲ, ಮನೆಗೆ ಬಂದ ಮೇಲೂ ಇಲ್ಲ. ಈ ಮನೆ ಇಷ್ಟು ಸುಮ್ಮನಿರುವುದು ಕರೆಂಟ್ ಹೋದಾಗ ಮಾತ್ರ.

ಮೊನ್ನೆಯಷ್ಟೇ ಮಾತಿಲ್ಲದ ಗಂಡನನ್ನು ಬಯಸಿ ಬರೆದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನಗೆ ಈ ಮನುಷ್ಯನ ಗದ್ದಲ ಬೇಕು. ವರದಿ ಒಳ್ಳೆಯದಾದರೆ ಚಂದಗುಳಿಯ ಗಂಟೆ ಗಣಪತಿಗೆ ಒಂದು ಗಂಟೆ ಕಟ್ಟುತ್ತೇನೆಂದು ಹರಕೆ ಹೇಳಿಕೊಂಡಿದ್ದೇನೆ. ಅಷ್ಟು ಗಂಟೆಗಳ ನಡುವೆ ಕುಳಿತ ದೇವರಿಗೆ ಗದ್ದಲದ ಬೆಲೆ ಗೊತ್ತಿರುತ್ತದೆ.

3 ಜುಲೈ, ಬುಧವಾರ

ವರದಿ ಬಂದಿಲ್ಲ. ಹಳೆಯ ಮಿಡಿ ಉಪ್ಪಿನಕಾಯಿ ಮುಗಿಸಿ ಹೊಸ ಭರಣಿ ತೆಗೆದೆ, ಅದೂ ಉರಿ. ಈ ವರ್ಷದ ಮೆಣಸೇ ಸರಿ ಇಲ್ಲ. ಅಡಿಕೆ ಡಬ್ಬಿಯೂ ಬೇಗ ಬೇಗ ಖಾಲಿಯಾಗುತ್ತಿದೆ. ಸುಮ್ಮನೆ ಕಾಯುವಾಗ ಬಾಯಿಗೆ ಏನಾದರೂ ಬೇಕಲ್ಲ.

8 ಜುಲೈ, ಸೋಮವಾರ

ಕ್ಯಾನ್ಸರ್ ಅಲ್ಲ!

ಶಿಲ್ಪಾ ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದ, ನಾನು ಅಳುತ್ತಿದ್ದೆ. ಪಾಪ, ಚಿಲ್ಲರೆ ಇಲ್ಲದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು, "ನಾಳೆ ಕೊಡಿ ಟೀಚರೇ, ಅಡ್ಡಿಲ್ಲ" ಎಂದ.

ಆದರೆ ಅಲ್ಲಿಯ ಜೀವಕೋಶಗಳು ಕೆಡಲು ಶುರುವಾಗಿವೆಯಂತೆ. ಈಗಲೇ ಕವಳ ಬಿಟ್ಟರೆ ತಡೆಯಬಹುದು, ಬಿಡದಿದ್ದರೆ ಮುಂದಿನ ವರದಿ ಹೀಗೇ ಇರುತ್ತದೆಂದು ತಾನು ಮಾತು ಕೊಡುವುದಿಲ್ಲ ಎಂದಳು.

14 ಜುಲೈ, ಭಾನುವಾರ

ಚಂದಗುಳಿಗೆ ಹೋಗಿ ಗಂಟೆ ಕಟ್ಟಿ ಬಂದೆವು. ಇವರು ಕೈ ಮುಗಿದು ಬಹಳ ಹೊತ್ತು ನಿಂತಿದ್ದರು. ನೋಡಿ ನನಗೂ ಕಣ್ಣು ತುಂಬಿತು. ಅಲ್ಲಿಂದ ಯಲ್ಲಾಪುರ ಬಸ್‌ಸ್ಟ್ಯಾಂಡಿಗೆ ಬಂದು, ಸಿದ್ದಾಪುರದ ಕಡೆಯ ಬಸ್ ಎಷ್ಟು ಹೊತ್ತಿಗೆಂದು ಕೇಳಿ ಬರುತ್ತೇನೆಂದು ಹೋದವರು ಬಂದಾಗ ಕೆನ್ನೆ ಉಬ್ಬಿತ್ತು.

"ಎಂತದು ಬಾಯಲ್ಲಿ?"

"ಬಚಾವಾದ ಖುಷಿಗೆ. ಒಂದೇ ಒಂದು."

ಅಷ್ಟು ದೊಡ್ಡ ಗಂಟೆ ಇವರ ತಲೆಗೆ ಕಟ್ಟಬೇಕಿತ್ತು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕುಳಿತೆ, ಶಿರಸಿ ಬರುವವರೆಗೂ ಮಾತಾಡಿಸಲಿಲ್ಲ. ಸಿಟ್ಟಿಗೆ ಅಡಿಕೆ ಹೋಳನ್ನು ಎಷ್ಟು ಜೋರಾಗಿ ಕಡಿದೆನೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಮನಸ್ಸು ಗಟ್ಟಿ ಇಲ್ಲದವರಿಗೆ ದೇವರೂ ಏನು ಮಾಡಿಯಾನು?

28 ಜುಲೈ, ಭಾನುವಾರ

ಬೆರಳಿನ ಕಳ್ಳತನ ಬಯಲಾಯಿತು. ಶಿಲ್ಪಾ ಅಳತೆಯ ಉಪಕರಣವನ್ನೇ ಹಿಡಿದುಕೊಂಡು ಬಂದಿದ್ದಳು. ಹಲ್ಲಿನಿಂದ ಹಲ್ಲಿಗೆ ಇಟ್ಟು ನೋಡಿದಳು, ಮತ್ತೊಮ್ಮೆ ಇಟ್ಟು ನೋಡಿದಳು. ಬಾಯಿ ಕೂದಲೆಳೆಯಷ್ಟೂ ಹಿಗ್ಗಿಲ್ಲ.

"ದಿನಾ ಮೂರ ಬೆರಳ ಹೋಗತಾವ ಅಂದ್ರೆಲ್ಲ ಸರ್ರ," ಎಂದಳು. "ಯಾರ ಬೆರಳ್ರೀ?"

ಇವರು ನನ್ನ ಕೈ ನೋಡಿದರು. ನಾನು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಅವಳಿಗೆ ಅರ್ಥವಾಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನಗ ಸುಳ್ಳ ಹೇಳಿದ್ರ ನನ್ನ ಸಂಶೋಧನಾ ಕೆಡತದ, ಅದು ಹೋಗ್ಲಿ. ನಿಮ್ಮ ಬಾಯಿಗೆ ಸುಳ್ಳ ಹೇಳಬ್ಯಾಡ್ರಿ" ಎಂದಳು. ಮಗಳ ವಯಸ್ಸಿನವಳು. ಇವರು ತಲೆ ತಗ್ಗಿಸಿ ಕೂತದ್ದನ್ನು ಮೊದಲ ಬಾರಿ ನೋಡಿದೆ.

ಶಾಲೆಯ ಮಕ್ಕಳಿಗೂ ಒಂದು ದಿನ ಬಾಯಿಯ ಬಗ್ಗೆ ಹೇಳಬೇಕೆಂದು ಅವಳನ್ನು ಕರೆದಿದ್ದೇನೆ. ಆ ಸೋಮಾರಿಗಳು ಹೇಗೆ ಹಲ್ಲುಜ್ಜಬೇಕೆಂದಾದರೂ ಕಲಿಯಲಿ.

15 ಆಗಸ್ಟ್, ಗುರುವಾರ

ಮೈದಾನದಲ್ಲಿ ಇವರದೇ ಮೈಕ್. ಕವಳ ಕಡಿಮೆಯಾಗಿದೆ, ನಿಂತಿಲ್ಲ. ಮೈಕಿನ ಪೆಟ್ಟಿಗೆಯ ಹಿಂದೆ ಹೋಗಿ ಹಾಕಿ ಬರುತ್ತಾರೆ, ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ.

ನಮ್ಮ ಶಾಲೆಯಲ್ಲಿ ಬಲೂನ್ ಕಟ್ಟುವುದಿತ್ತು. ಈಗಿನ ಬಲೂನಿನ ರಬ್ಬರು ಎಷ್ಟು ದಪ್ಪ! ಊದಿ ಊದಿ ಕೆನ್ನೆ ನೋವು ಬಂತು, ಒಂದೂ ಉಬ್ಬಲಿಲ್ಲ. ಮಂಜಿ ನನ್ನ ಕೈಯಿಂದ ಕಸಿದುಕೊಂಡು ಪುಸ್ ಎಂದು ಊದಿ ಕೊಟ್ಟಳು. ಒಲೆ ಊದಿದ ಬಾಯಿ ಅದು, ನಮ್ಮಂಥವರಿಗೆ ಎಲ್ಲಿಂದ ಬರಬೇಕು?

23 ಆಗಸ್ಟ್, ಶುಕ್ರವಾರ

ಬರೆಯಬೇಕೋ ಬೇಡವೋ ಎಂದು ಸಂಜೆಯಿಂದ ಕುಳಿತಿದ್ದೇನೆ.

ಶಿಲ್ಪಾ ಶಾಲೆಗೆ ಬಂದಿದ್ದಳು. ಮೊದಲು ಮಕ್ಕಳಿಗೆ "ಎಲ್ಲಾರೂ ದೊಡ್ಡದಾಗಿ 'ಆ' ಅನ್ರಿ" ಎಂದಳು. ಎಲ್ಲವೂ ಅರ್ಧ ಬಾಯಿ ತೆರೆದವು. ನಾನು ನಾಚಿಕೆಯಿಂದ, "ಈ ವರ್ಷದವರು ಹೀಗೇ, ಏನು ಹೇಳಿದರೂ ಇಷ್ಟೇ ತೆರೆಯುವುದು" ಎಂದೆ. ಅವಳು ಒಂದು ಹುಡುಗಿಯನ್ನು ಹತ್ತಿರ ಕರೆದು, "ಯಾಕವ್ವಾ, ಇನ್ನಷ್ಟ ತಗಿಯಾಕ ಬರೂದಿಲ್ಲೇನ?" ಎಂದಳು. ಹುಡುಗಿ ಗುಹೆಯ ಹಾಗೆ ಬಾಯಿ ತೆರೆದು ತೋರಿಸಿತು. ಆಮೇಲೆ, "ಆದ್ರೆ 'ಆ' ಹಿಂಗಲ್ಲ. ನಮ್ಮ ಟೀಚರ್ ಹಿಂಗೆ ಹೇಳೂದು" ಎಂದು ಮತ್ತೆ ಅರ್ಧಕ್ಕೆ ತಂದು ನಿಲ್ಲಿಸಿತು.

ಮಕ್ಕಳೆಲ್ಲ ನಕ್ಕವು, ನಾನೂ ನಕ್ಕೆ. ಶಿಲ್ಪಾ ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಮಕ್ಕಳಾ, ಈಗ ಮೂರ ಬೆರಳಿನ ಆಟ. ಮೊದಲ ಟೀಚರ್ ಮಾಡಿ ತೋರಸ್ತಾರ" ಎಂದಳು.

ಈ ಆಟದಲ್ಲಿ ನನ್ನನ್ನು ಬಿಟ್ಟರೆ ಇಲ್ಲ! ಇವರ ಬಾಯಿಗೆ ದಿನಾ ಹಾಕಿ ಪಳಗಿದ ಬೆರಳು. ಮಕ್ಕಳ ಕಡೆ ತಿರುಗಿ, ಮೂರು ಬೆರಳು ಕೂಡಿಸಿ ಬಾಯಿಗೆ ಹಿಡಿದೆ. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಸರಿಯಾಗಿ ಹಿಡಿದಿಲ್ಲವೆಂದು ಮತ್ತೆ ಹಿಡಿದೆ. ಮಕ್ಕಳು "ಟೀಚರ್, ಇನ್ನೊಂದು, ಇನ್ನೊಂದು" ಎಂದು ಚಪ್ಪಾಳೆ ತಟ್ಟಿದವು. ಹೋಗಲಿಲ್ಲ.

ಬಿಸಿಯೂಟದ ಕೋಣೆಯಲ್ಲಿ ಬೆಳಕಿಗೆ ನಿಲ್ಲಿಸಿ ಶಿಲ್ಪಾ ನನ್ನ ಬಾಯಿ ನೋಡಿದಳು. ಎರಡೂ ಕೆನ್ನೆಯೊಳಗೆ ಬಿಳಿಚಿದ ಪಟ್ಟಿಗಳು ಹಗ್ಗದ ಹಾಗೆ ಬಿಗಿದಿವೆಯಂತೆ, ಒಂದು ಕಡೆ ಕೆಂಪು ಹುಣ್ಣಿನಂಥದ್ದೂ ಇದೆಯಂತೆ. ಅದರ ಚೂರು ತೆಗೆಯಬೇಕು. ಖಾರ ಹತ್ತುತ್ತದೆಯೇ, ಊದಲು ಆಗುತ್ತದೆಯೇ ಎಂದು ಕೇಳಿದಳು. ಒಲೆಯ ಹತ್ತಿರ ನಿಂತ ಮಂಜಿ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಒಂದು ಮಾತು ಅಂದಿದ್ದರೂ ನನಗೆ ಇಷ್ಟು ಅಳು ಬರುತ್ತಿರಲಿಲ್ಲ.

"ಟೀಚರ್ರ, ನೀವು ಎಲಿ-ಅಡಕಿ ಹಾಕೂದಿಲ್ಲ ಅಂದಿದ್ರಿ."

"ಹಾಕುವುದಿಲ್ಲ. ಎಲೆ ಇಲ್ಲ, ಸುಣ್ಣ ಇಲ್ಲ, ತಂಬಾಕಂತೂ ಮುಟ್ಟಿದವಳಲ್ಲ. ಬರೀ ಅಡಿಕೆ ಹೋಳು. ಅದೂ ಒಂದು ಕವಳವೇ?"

ಅವಳು ಹಣೆಗೆ ಕೈ ಹಚ್ಚಿಕೊಂಡಳು. "ತಪ್ಪ ನಂದರಿ. ಬರೇ ಅಡಕಿ ಅಂತ ಬಿಡಿಸಿ ಕೇಳಬೇಕಿತ್ತು. ಬಾಯಿ ಬಿಗಿಯೂದು ಹೆಚ್ಚಾಗಿ ಅಡಕೀಯಿಂದನ. ಅದೊಂದ ಇದ್ರೂ ಸಾಕ್ರಿ."

ಅವಳು ಕೇಳಿದ್ದರೂ ನಾನು ಇಲ್ಲವೆಂದೇ ಹೇಳುತ್ತಿದ್ದೆನೇನೋ. ಅಡಿಕೆಯನ್ನು ಚಟವೆಂದು ಈ ಸೀಮೆಯಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮದುವೆಗೂ ಅದೇ, ತಿಥಿಗೂ ಅದೇ. ವಿಗ್ರಹವಿಲ್ಲದ ಕಡೆ ಗಣಪತಿಯೆಂದು ಕೂರಿಸುವುದೂ ಅದನ್ನೇ. ಅದನ್ನು ಬಾಯಲ್ಲಿಟ್ಟುಕೊಂಡೇ ಇವರಿಗೆ ಮನಸ್ಸಿನಲ್ಲೇ ಬೈದೆ, ಯಲ್ಲಾಪುರದಿಂದ ಶಿರಸಿಯವರೆಗೆ.

ಇವರಿಗೆ ಹೇಳಿದೆ. ಒಂದು ಹಾಸ್ಯ ಮಾಡಿಯಾರೆಂದು ಕಾದೆ.

24 ಆಗಸ್ಟ್, ಶನಿವಾರ

ಹೆದರಿಕೆಯಾಗುತ್ತಿದೆ. ಬೈಯಲು ಯಾರೂ ಇಲ್ಲ.

30 ಆಗಸ್ಟ್, ಶುಕ್ರವಾರ

ಮಂಗಳವಾರ ಹುಬ್ಬಳ್ಳಿಯಲ್ಲಿ ನನ್ನ ಚೂರೂ ತೆಗೆದಾಯಿತು. ವರದಿ ಚೌತಿ ಕಳೆದ ಮೇಲೆ.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುವಾಗ ತೆಂಗಿನ ಬುಡದಲ್ಲಿ ಇವರ ಕವಳದ ಸಂಚಿ ಬಿದ್ದಿತ್ತು, ಒಳಗಿನದೆಲ್ಲ ಕೊಡವಿ ಹಾಕಿದ್ದರು. ತಮ್ಮ ವರದಿ ಬಂದಾಗ ಬಿಡದವರು, ಗಂಟೆ ಕಟ್ಟಿಯೂ ಬಿಡದವರು, ನನ್ನ ಮೂರನೆಯ ಬೆರಳಿಗೆ ಬಿಟ್ಟರು. ಎರಡು ದಿನದಿಂದ ತಲೆನೋವು, ಕೈ ನಡುಕ, ಸಿಡಿಮಿಡಿ. ಕೇಳಿದರೆ ಮೈಕಿನ ಆಂಪ್ಲಿಫೈಯರ್ ಕೆಟ್ಟಿದೆ ಎನ್ನುತ್ತಾರೆ. ಸಂಚಿ ನೋಡಿದೆನೆಂದು ನಾನೂ ಹೇಳಿಲ್ಲ. ನನ್ನ ಡಬ್ಬಿಯನ್ನೂ ತೊಳೆದು ಜೀರಿಗೆ ತುಂಬಿದ್ದೇನೆ. ಕೈ ಮಾತ್ರ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಮಂಜಿ ನನಗೆಂದು ಬೇರೆ ಪಾತ್ರೆಯಲ್ಲಿ ಖಾರವಿಲ್ಲದ ಸಾರು ಮಾಡಿಟ್ಟಿದ್ದಳು. "ಸಪ್ಪೆ ಆಯ್ತು ಅಂತ ನನ್ನ ಬೈಬೇಡಿ ಮತ್ತೆ" ಎಂದಳು. ಬೈದೆ. ಇಬ್ಬರಿಗೂ ಹಗುರಾಯಿತು.

2 ಸೆಪ್ಟೆಂಬರ್, ಸೋಮವಾರ

ಮಕ್ಕಳಿಗೆ 'ಆ' ಮತ್ತೆ ಮೊದಲಿನಿಂದ ಶುರು. "ಈ ಸಲ ನನ್ನ ನೋಡಬೇಡಿ, ಒಬ್ಬರನ್ನೊಬ್ಬರು ನೋಡಿ ಹೇಳಿ" ಎಂದೆ. ಹೆಂಚು ಹಾರುವ ಹಾಗೆ ಹೇಳಿದವು. ಸೋಮಾರಿಗಳೆಂದು ಬರೆದದ್ದನ್ನು ಹೊಡೆದು ಹಾಕಬೇಕು.

ನಿನ್ನೆ ಚೌತಿಗೆ ಚಕ್ಕುಲಿ ಸುತ್ತಲು ಕುಳಿತರೆ, ಇವರು ಪಕ್ಕದಲ್ಲಿ ಬಂದು ಕುಳಿತು, "ಸಣ್ಣಕೆ ಸುತ್ತು. ಎರಡು ಬೆರಳಿನ ಬಾಯಿಗೆ ಹೋಗವು" ಎಂದರು. ದೇವರೇ, ಹತ್ತು ದಿನದ ಮೇಲೆ ಒಂದು ಹಾಸ್ಯ.

ಈಗ ಕನ್ನಡಿಯ ಮುಂದೆ ನಮ್ಮದು ಎರಡು ಕಡ್ಡಿ ಕಟ್ಟು. ಇಂದು ಬೆಳಿಗ್ಗೆ ಇಬ್ಬರೂ ಕಡ್ಡಿ ಕಚ್ಚಿ, ಜೊಲ್ಲು ಒರೆಸಿಕೊಂಡು, ಮೂಗರ ಹಾಗೆ ನಿಂತೆವು. ಮುಗಿದ ಮೇಲೆ ಇವರು ತಮ್ಮದೇ ಬಾಳೆಕಾಯಿ ಬೆರಳು ಹಾಕಿ ನೋಡಿಕೊಂಡು, ಫೋನಿನಲ್ಲಿ "ಎರಡೇ, ಡಾಕ್ಟ್ರೇ" ಎಂದು ಸತ್ಯ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನದು ಎಷ್ಟು ಹೇಳಿ ಡಾಕ್ಟರ್ ಕೇಳ್ತಾ ಇದ್ದು" ಎಂದರು.

ನಾನು ಗೋಡೆಯ ಕಡೆ ತಿರುಗಿ ಬೆರಳು ಹಿಡಿದೆ. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಇವರ ಮುಖ ನೋಡಿದೆ. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ.

"ಮೂರು," ಎಂದೆ.

ಇವರು ಫೋನ್ ಕೆಳಗಿಟ್ಟರು. ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಥೇಟು ಶಿಲ್ಪಾಳ ದನಿಯಲ್ಲಿ ಕೇಳಿದರು:

"ಯಾರ ಬೆರಳ್ರೀ?"

ನಗು ಬಂತು. ಬಾಯಿ ತೆರೆದಷ್ಟು ನಕ್ಕೆ.